ಮೂರನೆಯ ಚರಣ

ಅವನು ಸತ್ತಿರಬೇಕೆಂದು ಆರ್ಜೆಲ್ಲಾ ಇಷ್ಟು ವರ್ಷ ನಂಬಿದ್ದಳು. ಈಗ ನೋಡಿದರೆ, ನೆತ್ತಿಯ ಮೇಲಿನ ಬಿಸಿಲಿನಲ್ಲಿ, ಎರಡನೆಯ ಸಾಲಿನ ಮಡಚು ಕುರ್ಚಿಯಲ್ಲಿ ಕೂತಿದ್ದಾನೆ. ಕಾರ್ಯಕ್ರಮ ಶುರುವಾಗುವುದಕ್ಕೆ ಇನ್ನೂ ಬಹಳ ಹೊತ್ತಿತ್ತು. ಸುತ್ತಲಿನ ಕುರ್ಚಿಗಳೆಲ್ಲ ಖಾಲಿ.

ಹುಟ್ಟೂರಿನ ವೇದಿಕೆಯ ಮೇಲೆ ನಿಂತು ಮೈಕು ಪರೀಕ್ಷಿಸುತ್ತಿದ್ದವಳು 'ಒಂದು, ಎರಡು' ಎಂದಳು. 'ಮೂರು' ಬಾಯಿಂದ ಹೊರಡಲಿಲ್ಲ.

"ಏನವ್ವಾ, ಮುಖ ಬೆಳ್ಳಗಾಗಿಹೋಯ್ತಲ್ಲ," ಎಂದ ಬೇಸ್ ಗಿಟಾರಿನ ಓಥಾ. "ನಮ್ಮ ಬಣ್ಣದೋರಿಗೆ ಅದು ಅಷ್ಟು ಸುಲಭ ಅಲ್ಲ."

"ಎರಡನೇ ಸಾಲು ನೋಡು."

ಓಥಾ ನೋಡಿದ. "ಯಾರೋ ಮುದುಕ. ಬಿಟ್ಟಿ ಕಾರ್ಯಕ್ರಮ ಅಂತ ಬೇಗ ಬಂದು ಜಾಗ ಹಿಡಿದಿದಾನೆ."

"ಕ್ಲೋವಿಸ್ ಅವನು."

ಓಥಾನ ಕೈ ತಂತಿಗಳ ಮೇಲೆಯೇ ನಿಂತಿತು. "ಹಾಡಿನ ಕ್ಲೋವಿಸ್?"

"ನಮ್ಮ ಭಾವ," ಎಂದಳು. ಹಾಡಿನವನೂ ಭಾವನೂ ಬೇರೆ ಬೇರೆ ಎಂದು ಸೇರಿಸಬೇಕೆನಿಸಿತು. ಸೇರಿಸಲಿಲ್ಲ.

ಆ ಹಾಡು ಹುಟ್ಟುವ ಮೊದಲು ಅವಳು ಮೆಂಫಿಸ್‌ನ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಳು. ಶುಕ್ರವಾರಗಳಂದು ಬೇರೆ ಹೆಸರಿಟ್ಟುಕೊಂಡು ಬಾರುಗಳಲ್ಲಿ ಹಾಡುತ್ತಿದ್ದಳು. ಬ್ಲೂಸ್ ಎಂದರೆ ಸೈತಾನನ ಸಂಗೀತ ಎನ್ನುತ್ತಿದ್ದ ಪಾದ್ರಿಯ ಮಗಳು ತನ್ನ ಹೆಸರಿನಲ್ಲಿ ಹಾಡುವಂತಿರಲಿಲ್ಲ. ಒಂದು ಬೆಳಿಗ್ಗೆ ಊರಿನಿಂದ ಫೋನು ಬಂತು. ಗಂಡನ ಜೊತೆ ಮೀನು ಹಿಡಿಯಲು ಹೋದ ಅಕ್ಕ ಐನೆಸ್ ಸೈಪ್ರಸ್ ಮರಗಳ ಕೆರೆಯಲ್ಲಿ ಮುಳುಗಿಹೋಗಿದ್ದಳು. ಕಪ್ಪು ಹೆಂಗಸಿನ ಸಾವಿಗೆ ಮಿಸಿಸಿಪ್ಪಿಯ ಪೊಲೀಸರು ಎಷ್ಟು ಹೊತ್ತು ಕೊಡುತ್ತಾರೆ? ಊಟದ ಹೊತ್ತಿಗೆ ಆಕಸ್ಮಿಕ ಎಂದು ಮುಗಿಸಿದರು. ಮಣ್ಣಿನ ದಿನ ಕ್ಲೋವಿಸ್‌ನ ಕಣ್ಣು ಒಣಗಿತ್ತು. ಅದನ್ನು ಅವಳು ನೋಡಿದಳು. ನೋಡಿದ್ದು ಅದೊಂದನ್ನೇ.

ವಾಪಸು ಹೋಗುವ ಬಸ್ಸಿನಲ್ಲಿ ಹಾಡು ಬಂತು.

ಇಬ್ಬರು ಹತ್ತಿದ ದೋಣಿ ಒಬ್ಬನ್ನ ಇಳಿಸಿತು,
ಬಾಯಿಲ್ಲದ ನೀರು ಎಲ್ಲಾನೂ ಬಲ್ಲದು.

ಮೊದಲ ಎರಡು ಚರಣ ಊರಿಗೆಲ್ಲ ಗೊತ್ತಿದ್ದ ವಿಷಯ. ಮೂರನೆಯದು ಎಲ್ಲಿಂದಲೋ ಬರಬೇಕಿತ್ತು. ಬಂತು. ಅದರಲ್ಲಿ ಮುಳುಗುವವಳು ದೋಣಿಯ ಅಂಚು ಹಿಡಿಯುತ್ತಾಳೆ. ಗಂಡ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾನೆ.

ಆ ಹಾಡು ಅವಳನ್ನು ಶಾಲೆಯಿಂದ ಬಿಡಿಸಿತು, ರೇಡಿಯೋಕ್ಕೆ ಏರಿಸಿತು, ಶಿಕಾಗೋ ದಾಟಿಸಿ ಪ್ಯಾರಿಸ್ಸಿನವರೆಗೂ ಒಯ್ದಿತು. ಇಲ್ಲಿ ಊರಿನಲ್ಲಿ ಯಾರೋ ಕ್ಲೋವಿಸ್‌ನ ಟ್ರಕ್ಕಿಗೆ ಬೆಂಕಿ ಇಟ್ಟರು. ಹತ್ತಿಯ ಗಿರಣಿಯವರು ನಾಳೆಯಿಂದ ಬರಬೇಡ ಎಂದರು. ಅವನು ಡೆಟ್ರಾಯಿಟ್ ಕಡೆ ಹೋದನೆಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಆ ವಾರ ಆರ್ಜೆಲ್ಲಾ ಅಮ್ಮನಿಗೆ ಒಂದು ಫ್ರಿಜ್ಜು ಕಳಿಸಿದಳು. ಆಮೇಲೆ ಆ ಹಾಡಿಗಿಂತ ಒಳ್ಳೆಯ ಹಾಡುಗಳನ್ನು ಬರೆದಿದ್ದಾಳೆ, ತಿಳಿದವರೂ ಹಾಗೆನ್ನುತ್ತಾರೆ. ನೆಂಟರ ಮಗು ಪದ್ಯ ಒಪ್ಪಿಸಿದಾಗ ತಟ್ಟುವ ಹಾಗೆ ಜನ ಅವಕ್ಕೆ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ದೋಣಿಯ ಹಾಡಿಗೆ ಕಾಯುತ್ತಾರೆ.

ವೇದಿಕೆಯ ಹಿಂದಿನ ಚರ್ಚಿನ ಕೋಣೆಯಲ್ಲಿ ಚರ್ಚಿನವರೆಲ್ಲ ಸಿಸ್ಟರ್ ಎಂದು ಕರೆಯುವ ಮೋಜೆಲ್ ಕರಿದ ಮೀನು, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ ಬಡಿಸಿದಳು. ಅವಳು ಐನೆಸ್‌ಳ ಓರಗೆಯವಳು.

"ತಿನ್ನು ಮಗಳೇ. ಪ್ಯಾರಿಸ್ಸಲ್ಲಿ ಇದೆಲ್ಲ ಎಲ್ಲಿ ಸಿಗತ್ತೆ, ಬರೀ ಬಸವನಹುಳು ಕೊಟ್ಟು ಕಳಿಸ್ತಾರಂತೆ."

"ಕ್ಲೋವಿಸ್ ಯಾವಾಗ ಬಂದ?"

ಮೋಜೆಲ್ ಸೌಟು ಒರೆಸಿದಳು. "ಹೋದ ಚಳೀಲಿ. ತಂಗಿ ಮನೆ ಹಿಂದಿನ ಕೋಣೇಲಿ ಇದಾನೆ. ಚರ್ಚಿಗೂ ಬರ್ತಾನೆ. ಅವನು ಕೂತ ಬೆಂಚು ಪೂರ್ತಿ ಅವನದೇ."

"ಅವನ ತಪ್ಪಿಲ್ಲ ಅಂತ ಪೊಲೀಸ್ರು ಬರೆದಿದ್ರಲ್ಲ."

"ಪೊಲೀಸ್ರು ಹೇಳಿದ್ದನ್ನ ನಾವು ಯಾವ ಕಾಲದಲ್ಲಿ ನಂಬಿದೀವಿ? ನೀನು ಹೇಳಿದೆ, ನಂಬಿದ್ವಿ."

ಆರ್ಜೆಲ್ಲಾ ತಟ್ಟೆಯನ್ನು ಆಚೆ ಸರಿಸಿದಳು.

ಬಾಗಿಲಲ್ಲಿ ನೆರಳು ಬಿತ್ತು. ಮೋಜೆಲ್ ತಿರುಗಿ ನೋಡಿ, ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಅವನ ಕಡೆ ನೋಡದೆ ಹೊರಗೆ ನಡೆದಳು. ಮೂಲೆಯಲ್ಲಿದ್ದ ಓಥಾ ಎದ್ದು ನಿಂತ.

ಕ್ಲೋವಿಸ್‌ನ ಬಲಗೈ ಕೋಟಿನ ಜೇಬಿನಲ್ಲಿತ್ತು. ಆರ್ಜೆಲ್ಲಾಳ ಕಣ್ಣು ಜೇಬು ಬಿಟ್ಟು ಕದಲಲಿಲ್ಲ. ಕೊನೆಗೂ ಇಲ್ಲಿ, ಸೊಪ್ಪಿನ ವಾಸನೆಯ ಈ ಕೋಣೆಯಲ್ಲಿ ಸಾಯುವುದು, ಎಂದುಕೊಂಡಳು. ಕೈ ಹೊರಗೆ ಬಂತು. ಕರವಸ್ತ್ರ. ಅವನು ಕತ್ತು ಒರೆಸಿಕೊಂಡ.

"ದಪ್ಪ ಆಗಿದೀಯ, ಜೆಲ್."

"ಹೂಂ."

"ಹೆದರಬೇಡ. ಜಗಳಕ್ಕೆ ಬಂದಿಲ್ಲ. ಒಂದು ಮಾತು ಕೇಳೋದಿದೆ, ಕೇಳಿ ಹೋಗ್ತೀನಿ. ಬೆರಳಿನ ವಿಷಯ ನಿಂಗೆ ಯಾರು ಹೇಳಿದ್ದು?"

"ಯಾವ ಬೆರಳು?" ಎಂದಳು. ಅರ್ಧ ಲೋಕಕ್ಕೆ ಬಾಯಿಪಾಠವಾಗಿದ್ದ ಬೆರಳು.

"ಮೂರನೇ ಚರಣದ್ದು. ಅಲ್ಲಿ ನಾನಿದ್ದೆ, ಅವಳಿದ್ದಳು. ಇನ್ಯಾರೂ ಇರ್ಲಿಲ್ಲ."

ಅವಳು ಕುರ್ಚಿ ಹಿಂದೆ ಸರಿಸಿದಳು. "ಹಾಗಾದ್ರೆ ಅದು ನಿಜಾನಾ?"

"ಅದನ್ನೇ ನಿನ್ನ ಕೇಳೋಣ ಅಂತ ಬಂದೆ."

ಅವನು ಕೂತ. ಕೂರುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಮೊದಲು ನಂಗೆ ಗೊತ್ತಿತ್ತು. ದೋಣಿ ವಾಲ್ತು, ಅವಳು ಬಿದ್ದಳು, ನಾನು ಕೈ ಚಾಚಿದೆ, ಸಿಗ್ಲಿಲ್ಲ. ಅಷ್ಟೇ. ಆಮೇಲೆ ನಿನ್ನ ಹಾಡು ಬಂತು. ನಿನ್ನ ಹುಟ್ಟಿಸಿದೋರನ್ನೆಲ್ಲ ಬೈದೆ. ಡೆಟ್ರಾಯಿಟ್ಟಲ್ಲಿ ಕೆಲಸದ ಕಡೆ ರೇಡಿಯೋಲಿ ದಿನಾ ಹಾಕೋರು. ಅವನೇ ನಾನು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲಾರ ಜೊತೆ ನಾನೂ ಗುನುಗ್ತಿದ್ದೆ. ಒಳ್ಳೇ ಹಾಡು, ಸುಳ್ಳು ಯಾಕೆ ಹೇಳ್ಲಿ. ಈಗ ಕಣ್ಣು ಮುಚ್ಚಿದ್ರೆ ಬೆರಳು ಕಾಣ್ತವೆ. ಬೆಚ್ಚಗಿದ್ವು."

"ಏನು?"

"ಬೆರಳು. ನೀರು ಅಷ್ಟು ಕೊರೀತಿತ್ತು, ಅವು ಬೆಚ್ಚಗಿದ್ವು. ಅದು ನಿನ್ನ ಹಾಡಲ್ಲಿ ಇಲ್ಲ ಜೆಲ್. ಅದು ಎಲ್ಲಿಂದ ಬಂತು?"

ಓಥಾ ಕಿಟಕಿಯ ಕಡೆ ತಿರುಗಿಕೊಂಡ.

"ನೀನು ಓದಿದೋಳು," ಎಂದ ಕ್ಲೋವಿಸ್. "ಹೇಳು. ನಾನು ಮಾಡಿದೆನಾ?"

ಹೇಳಬಹುದಿತ್ತು. ಬಸ್ಸು ಸೇತುವೆ ಹತ್ತುತ್ತಿತ್ತು, ರಾಗಕ್ಕೆ ಇನ್ನೊಂದು ಸಾಲು ಬೇಕಿತ್ತು, ಬೆರಳು ಸಿಕ್ಕಿತು, ಎನ್ನಬಹುದಿತ್ತು. ಆದರೆ ಅವು ನಿಜವಾಗಿಯೂ ಬೆಚ್ಚಗಿದ್ದರೆ? ಸುಳ್ಳಾದರೆ ಒಬ್ಬ ಮನುಷ್ಯನನ್ನು ತಿಂದುಹಾಕಿದ್ದಳು. ನಿಜವಾದರೆ ತಾನು ನೋಡದ ಕೊಲೆಗೆ ತಾನೊಬ್ಬಳೇ ಸಾಕ್ಷಿ. ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯಲಿಲ್ಲ. ಅಕ್ಕನ ಮುಖ ನೆನೆಯಲು ನೋಡಿದಳು. ಬಂದದ್ದು ರೆಕಾರ್ಡಿನ ಹೊದಿಕೆಯ ಚಿತ್ರ. ಅದರಲ್ಲಿ ಇದ್ದದ್ದು ತನ್ನದೇ ಮುಖ.

"ನಂಗೊತ್ತಿಲ್ಲ," ಎಂದಳು. "ಅದು ಬರೀ ಹಾಡು."

"ಹಾಡು," ಎಂದ ಅವನು, ವೈದ್ಯರು ಹೇಳಿದ ರೋಗದ ಹೆಸರನ್ನು ತಾನೂ ಹೇಳಿ ನೋಡುವ ರೋಗಿಯಂತೆ. "ಇವತ್ತು ಹಾಡ್ತೀಯಾ?"

"ಇಲ್ಲ."

"ಹಾಡು. ನೀನು ಹಾಡೋದನ್ನ ಎದುರಿಗೆ ಕೂತು ನೋಡೇ ಇಲ್ಲ. ಆ ಚರಣ ಬಂದಾಗ ನಿನ್ನ ಮುಖ ನೋಡ್ತೀನಿ. ನಿಜಾನೋ ಸುಳ್ಳೋ ಗೊತ್ತಾಗತ್ತೆ."

ಎದ್ದು, ಟೋಪಿ ಹಾಕಿಕೊಂಡು ಹೋದ. ಓಥಾ ಅಂದ, "ಕಾರು ಹಿಂದೆ ನಿಂತಿದೆ. ಹೊಟ್ಟೆನೋವು ಅಂತೀನಿ, ಹೊರಟುಬಿಡೋಣ."

"ಇಷ್ಟು ಜನ ಬಂದಿದಾರೆ," ಎಂದಳು. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಬಿಸಿಲು ಇಳಿಯುವ ಮೊದಲೇ ಮೈದಾನ ತುಂಬಿತು. ಅವಳು ಹೊಸ ಹಾಡು ಹಾಡಿದಳು, ಹಳೆಯದು ಹಾಡಿದಳು, ಅಪ್ಪನ ಚರ್ಚಿನದೂ ಒಂದು ಹಾಡಿದಳು. ಜನ ಮರ್ಯಾದೆಗೆ ತಟ್ಟಿದರು. ಕ್ಲೋವಿಸ್ ತಟ್ಟಲಿಲ್ಲ. ಅವಳ ಮುಖ ನೋಡುತ್ತಿದ್ದ.

"ದೋಣಿ," ಎಂದು ಯಾರೋ ಹಿಂದಿನಿಂದ ಕೂಗಿದರು. "ದೋಣಿ ಹಾಡೇ ತಾಯಿ, ಎಷ್ಟು ಕಾಯಿಸ್ತೀಯ."

ಅವಳು ತಲೆಯಾಡಿಸಿದಳು. ನಾಚಿಕೆಯೆಂದು ತಿಳಿದು ನಕ್ಕರು. ತಾಳ ಹಾಕತೊಡಗಿದರು. ಆ ತಾಳ ಕೇಳಿದರೆ ಓಥಾನ ಕೈ ಓಥಾನ ಮಾತು ಕೇಳುತ್ತಿರಲಿಲ್ಲ, ಬೇಸ್ ಶುರುವಾಯಿತು. ಅವನು ಅವಳನ್ನು ನೋಡಿ ಕ್ಷಮಿಸು ಎನ್ನುವಂತೆ ಹುಬ್ಬು ಏರಿಸಿದ, ಕೈ ಮಾತ್ರ ನಿಲ್ಲಿಸಲಿಲ್ಲ.

ಮೊದಲ ಚರಣ ಹಾಡಿದಳು. ಎರಡನೆಯದು ಕಣ್ಣು ಮುಚ್ಚಿಕೊಂಡು ಹಾಡಿದಳು. ಮುಚ್ಚಿದ ರೆಪ್ಪೆಯ ಮೇಲೂ ಅವನ ನೋಟ ಬಿದ್ದಿರುವುದು ತಿಳಿಯುತ್ತಿತ್ತು. ಮೂರನೆಯದು ಬಂದಾಗ ಬಾಯಿ ಮುಚ್ಚಿದಳು.

ಹಾಡು ನಿಲ್ಲಲಿಲ್ಲ. ಜನ ಎತ್ತಿಕೊಂಡರು. ಮೋಜೆಲ್ ಹಾಡುತ್ತಿದ್ದಳು, ಮೋಜೆಲ್‌ಳ ಮೊಮ್ಮಕ್ಕಳು ಹಾಡುತ್ತಿದ್ದರು, ಆ ಸಾವಿನ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವರು ಪ್ರತಿ ಬೆರಳನ್ನೂ ಬಿಡದೆ ಎಣಿಸಿ ಹಾಡುತ್ತಿದ್ದರು. ಅವಳು ಕಣ್ಣು ತೆರೆದಳು. "ಬೇಡ," ಎಂದಳು. ಮೈಕಿನಲ್ಲಿ ಅದೂ ರಾಗದ ಜೊತೆ ಸೇರಿಹೋಯಿತು. ಎರಡೂ ಕೈ ಮೇಲೆತ್ತಿ, ಅಂಗೈ ತೋರಿಸಿ, ನಿಲ್ಲಿಸಿ ಎಂದು ಆಡಿಸಿದಳು.

ಇನ್ನೂ ಜೋರಾಗಿ ಹಾಡಲು ಹೇಳುತ್ತಿದ್ದಾಳೆಂದು ಅವರು ತಿಳಿದುಕೊಂಡರು. ಕುರ್ಚಿಗಳನ್ನು ಸರಿಸಿ ಎಲ್ಲರೂ ಎದ್ದರು, ಅವಳಂತೆಯೇ ಎರಡೂ ಕೈ ಎತ್ತಿ, ಗಾಳಿಗೆ ವಾಲುವ ಜೊಂಡಿನ ಹಾಗೆ ಒಂದೇ ಕಡೆ ವಾಲಿದರು, ಇನ್ನೊಂದು ಕಡೆ ವಾಲಿದರು. ಆ ಕೈಗಳ ನಡುವೆ ಕ್ಲೋವಿಸ್‌ನ ತಲೆ ಕಂಡಿತು. ಬಾಯಿ ತೆರೆದಿತ್ತು; ಹಾಡುತ್ತಿದ್ದನೋ ಕೂಗುತ್ತಿದ್ದನೋ ಕೇಳಿಸಲಿಲ್ಲ. ತಲೆ ಮುಳುಗಿತು. ಸ್ವಲ್ಪ ಆಚೆ ಮತ್ತೆ ಮೇಲೆ ಬಂತು. ಆಮೇಲೆ ಕೈಗಳಷ್ಟೇ ಕಂಡವು.