ಖಲಫನ ಹೆಸರು ಕಿತ್ತ ಹಾಡು

“ಏಯ್ ತಫೀದಾ! ಪೆಂಡಾಲ್ ಕಡೆ ಮೂತಿ ತೋರಿಸ್ಬೇಡ. ಹೆಣದ ಮನೇಲಿ ಬಾಯಿ ಬಡ್ಕೊಳೋ ಮುಂಡೆ ನೀನು, ನನ್ನ ಮಗಳ ಮದ್ವೆಗೆ ಅಪಶಕುನ. ಹಿಂದ್ಗಡೆ ಕುಂತು ತಪ್ಪಲೆ ಉಜ್ಜು!”

ಹಾಜಿ ಉವೈಸ್ ಹೀಗೆ ಉಗಿದು ಹೋದ. ನಮ್ಮ ಮಿನ್ಯಾ ಸೀಮೆಯ ಬಿಳಿಕಲ್ಲಿನ ಗಣಿಗಳಲ್ಲಿ ಅರ್ಧ ಅವನವೇ. ನಮ್ಮೂರಲ್ಲಿ ಯಾರೇ ಸತ್ತರೂ ಹೆಸರು ಹಿಡಿದು ಅಳಲು ತಫೀದಕ್ಕನೇ ಬೇಕು. ಮದುವೆಯೆಂದರೆ ಮಾತ್ರ ನನ್ನ ಜೊತೆ ಎಂಜಲು ತಟ್ಟೆ ತೊಳೆಯಬೇಕು. ಇಬ್ಬರೂ ಖರ್ಜೂರದ ನಾರಿನಿಂದ ತಪ್ಪಲೆ ತಿಕ್ಕುತ್ತಿದ್ದೆವು. ಆಗ ಪೆಂಡಾಲಿನ ಸ್ಪೀಕರಿನಲ್ಲಿ ಡೋಲಿನ ಬಡಿತದ ನಡುವೆ ಹೆಂಗಸೊಬ್ಬಳ ಅಳು ಕೇಳಿತು. ಗಂಡಿನ ಕಡೆಯವರು ಸಿಳ್ಳೆ ಹಾಕಿ ಅದಕ್ಕೇ ಕುಣಿಯುತ್ತಿದ್ದರು.

ತಫೀದಕ್ಕನ ಕೈಯಿಂದ ನಾರು ಜಾರಿತು. “ನನ್ನ ದನಿ ಕಣೇ ಇದು! ನನ್ನ ಖಲಫಂಗೆ ಅತ್ತಿದ್ದು.”

ಖಲಫ ಅವಳ ಒಬ್ಬನೇ ಮಗ. ಹಾಜಿಯ ಗಣಿಯಲ್ಲಿ ಕಲ್ಲು ಕೊಯ್ಯುವ ಯಂತ್ರದ ಹರಿದ ವೈರು ತಗುಲಿ ಸತ್ತ. ಅವತ್ತು ಸಾವಿನ ಮನೆಯ ರೂಢಿಯಂತೆ ಮುಖಕ್ಕೆ ನೀಲಿ ಬಳಿದುಕೊಂಡು ಅವಳು ಅತ್ತದ್ದನ್ನು ಕೈರೋದ ಪ್ರೊಫೆಸರೊಬ್ಬ ರೆಕಾರ್ಡು ಮಾಡಿ, ಯಾವುದೋ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ.

ಕೈಯನ್ನೂ ಒರೆಸದೆ ಅವಳು ಪೆಂಡಾಲಿಗೆ ನುಗ್ಗಿದಳು. ನಾನೂ ಹಿಂದೆಯೇ ಓಡಿದೆ.

“ಲೋ ಡೀಜೆ, ನಿಲ್ಸೋ! ನನ್ನ ಮಗಂಗೆ ಅತ್ತಿದ್ದನ್ನ ಯಾರನ್ ಕೇಳಿ ತಗಂಡೆ?”

“ಯಾರನ್ನ ಕೇಳ್ಬೇಕಮ್ಮ? ನೆಟ್‌ನಲ್ಲಿ ಎಲ್ರಿಗೂ ಬಿಟ್ಟಿ ಅಂತ ಹಾಕಿದ್ದಾರೆ. ಯಾರು ಬೇಕಾದ್ರೂ ತಗೋಬಹುದು, ಕತ್ತರಿಸ್ಬಹುದು, ಹಾಡು ಮಾಡ್ಬಹುದು. ಹೆಸರೊಂದು ಹಾಕ್ಬೇಕು, ಹಾಕಿದೀನಿ.”

“ಯಾರ್ದು?”

“ಪ್ರೊಫೆಸರ್ದು.”

“ಖಲಫನ ಹೆಸ್ರು ಹಿಡಿದು ಅತ್ತಿದ್ನಲ್ಲೋ! ಅವನ್ನ ಕೊಂದೋನ ಹೆಸ್ರೂ ಕೂಗಿದ್ದೆ. ಎಲ್ಲೋ ಅವು?”

“ತಾಳಕ್ಕೆ ಕೂರ್ಲಿಲ್ಲ, ಕಿತ್ತಾಕ್ದೆ.”

ಥೂ, ಇವರ ಬಾಯಿಗೆ ಮಣ್ಣು ಹಾಕ! ಅಷ್ಟರಲ್ಲಿ ಹಾಜಿ ಓಡಿಬಂದ. “ಯಾವನ್ಲಾ ಈ ಲೌಡೀನ ಒಳಕ್ಕೆ ಬಿಟ್ಟೋನು? ಎಳ್ದಾಕ್ರೋ ಆಚೆಗೆ!”

“ಎಲ್ರಿಗೂ ಬಿಟ್ಟಿ ಅಂದ್ರೆ ನಂಗೂ ಬಿಟ್ಟೀನೇ ಅಲ್ವೇನೋ?” ಎಂದು ತಫೀದಕ್ಕ ಡೀಜೆಯ ಕೈಯಿಂದ ಮೈಕು ಕಿತ್ತುಕೊಂಡಳು. ಡೋಲು ಇನ್ನೂ ಬಡಿಯುತ್ತಲೇ ಇತ್ತು. ಆ ತಾಳಕ್ಕೇ ಎದೆ ಬಡಿದುಕೊಳ್ಳುತ್ತ ಎರಡೂ ಹೆಸರು ಕೂಗಿದಳು. ಮೊದಲು ಮಗನದು, ಆಮೇಲೆ ಹಾಜಿಯದು. ಕುಣಿಯುತ್ತಿದ್ದವರು ನಿಂತರು. ಮದುಮಗಳು ಕಿವಿ ಮುಚ್ಚಿಕೊಂಡಳು.

ಆಳುಗಳು ಜುಟ್ಟು ಹಿಡಿದು ಅವಳನ್ನು ನೆಲಕ್ಕೆ ಕೆಡವಿದರು. ಮೈಕು ಉರುಳಿ ನನ್ನ ಕಾಲ ಬಳಿ ಬಂತು. ಹಾಜಿ ನನ್ನನ್ನೇ ನೋಡುತ್ತಿದ್ದ. “ನಿನ್ನ ಗಂಡ ನಾಳೆ ನನ್ನ ಗಣಿಗೇ ಬರ್ಬೇಕು, ಗೊತ್ತಲ್ಲ?”

ಅಳುವ ಕಸುಬು ನನಗೆ ಬಾರದು. ಬಗ್ಗಿ ಮೈಕು ಎತ್ತಿಕೊಂಡು, ಬಂದ ದನಿಯಲ್ಲೇ ಆ ಎರಡು ಹೆಸರು ಕೂಗಿದೆ.