ನಿದ್ದೆಯಲ್ಲಿ ಕರೆದ ಊರು

ಸಮಾಧಿಗೆ ಹೂವಿಟ್ಟು ಹಿಂದೆ ಸರಿಯುತ್ತಿದ್ದ ಅಪರಿಚಿತನ ತೋಳನ್ನು ಡ್ರಿಲ್ ಮೇಷ್ಟ್ರು ಗಟ್ಟಿಯಾಗಿ ಹಿಡಿದುಕೊಂಡರು. ಹೆಂಡತಿಯ ಮೇಲೆ ಮಣ್ಣು ಹಾಕಿದ ಕೈಯನ್ನು ಇನ್ನೂ ತೊಳೆದಿರಲಿಲ್ಲ. ಅಕ್ಕ ಓಡಿಬಂದು, ನಾಲ್ಕು ಜನರ ಮುಂದೆ ರಂಪ ಮಾಡಬೇಡ ಕಣೋ ಎಂದು ಗದರಿದಳು. ತಮ್ಮನ ಹೊಟ್ಟೆಯೊಳಗಿನ ಸಂಕಟ ಅವಳೊಬ್ಬಳಿಗೆ ಗೊತ್ತಿತ್ತು.

*

ಅದು ಶುರುವಾದದ್ದು ಮದುವೆಯಾದ ಹೊಸದರಲ್ಲೇ. ಹೆಂಡತಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ. ಏನು ಕೆಲಸ ಎಂದರೆ ನಕ್ಕು ಮಾತು ತೇಲಿಸುವಳು. ನಿದ್ದೆಯಲ್ಲಿ ಮಾತ್ರ ಬಾಯಿಬಿಡುವಳು. ಯಾವುದೋ ಊರು, ನದಿಯ ತಿರುವು, ಉದ್ದನೆಯ ಕಟ್ಟಡ, ಅದರ ಪಕ್ಕ ಬಟ್ಟೆ ಒಣಹಾಕಿದ ಅಂಗಳ. "ಸೂರಿನ ಮೇಲೆ ಹಿಮ ಕರಗ್ತಾ?" ಎಂದು ಅದೆಷ್ಟು ಅಕ್ಕರೆಯಿಂದ ಕೇಳುತ್ತಿದ್ದಳೆಂದರೆ, ಪಕ್ಕದಲ್ಲಿದ್ದ ಮೇಷ್ಟ್ರಿಗೆ ತಾವೇ ದಾರಿ ತಪ್ಪಿ ಬಂದ ನೆಂಟರೆನಿಸುತ್ತಿತ್ತು. ಸಿಳ್ಳೆ ಊದಿ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸುವ ಗಂಡಸಿಗೆ, ಅಲ್ಲಿ ಯಾರಿದ್ದಾರೆ ಎಂದು ಕೇಳುವ ಧೈರ್ಯ ಕೊನೆಗೂ ಬರಲಿಲ್ಲ. ಇದ್ದಾರೆ ಎಂದುಬಿಟ್ಟರೆ?

*

"ಅವಳು ನಿದ್ದೇಲಿ ಕನವರಿಸ್ತಿದ್ದ, ಸೂರಿನ ಮೇಲೆ ಹಿಮ ಬೀಳೋ ಆ ಊರಿನೋರು ನೀವೇನಾ?" ಎಂದರು ಈಗ.

ಬಂದವನು ಅವಳ ಕಚೇರಿಯ ಹಳೆಯ ಸಹೋದ್ಯೋಗಿ. ಹಿಮ ಎಂದದ್ದೇ ಅವನಿಗೆ ಯಾವ ಊರೆಂದು ಹೊಳೆಯಿತು. "ಅಯ್ಯೋ ಮೇಷ್ಟ್ರೇ, ಅವರು ಆ ಊರಿಗೆ ಕಾಲೇ ಇಟ್ಟಿಲ್ಲ" ಎಂದ.

ಕಲ್ಲುಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದ. ಈಗದು ಗುಟ್ಟೇನಲ್ಲವಂತೆ. ಎಲ್ಲಾದರೂ ಕದ್ದುಮುಚ್ಚಿ ಅಣುಬಾಂಬು ತಯಾರಾಗುತ್ತಿದೆಯೇ ಎಂದು ಪತ್ತೆಹಚ್ಚುವುದು ಅವರ ಕಚೇರಿಯ ಕೆಲಸ. ಆಕಾಶದಿಂದ ಯಾವ ಊರಿನ ಚಿತ್ರ ತೆಗೆಯಬೇಕು, ಅದರಲ್ಲಿ ಏನನ್ನು ಹುಡುಕಬೇಕು ಎಂದು ಯೋಜನೆ ಹಾಕುತ್ತಿದ್ದವಳು ಅವಳು. ಆ ಉದ್ದನೆಯ ಕಟ್ಟಡದ ಮೇಲೆ ಎಲ್ಲರಿಗೂ ಅನುಮಾನ. ಒಳಗೆ ಯಂತ್ರಗಳು ಓಡುತ್ತಿದ್ದರೆ ಸೂರು ಬಿಸಿಯಾಗಿ ಹಿಮ ಕರಗಬೇಕು. ಕಟ್ಟಡವನ್ನು ಉಡಾಯಿಸಲು ವಿಮಾನಗಳು ಸಜ್ಜಾಗಿದ್ದವು. ಇನ್ನೊಂದು ಚಳಿಗಾಲ ನೋಡೋಣ ಎಂದು ಅವಳೊಬ್ಬಳೇ ಹಟ ಹಿಡಿದಳು. ಹಿಮ ಕರಗಲಿಲ್ಲ. ಆಮೇಲೆ ತಪಾಸಣೆಯವರು ಒಳಗೆ ಹೋದರೆ ಅದು ಬರೀ ಗೋದಾಮು.

"ದಿನಾ ಬೆಳಗ್ಗೆ ಆ ಊರು ಇನ್ನೂ ಇದೆ ಅಂತ ನೋಡಿದ್ಮೇಲೇ ಅವರಿಗೆ ಜೀವ ಬರ್ತಿತ್ತು."

ಮೇಷ್ಟ್ರು ಮುಖ ಮುಚ್ಚಿಕೊಂಡು ಅತ್ತರು. ಒಂದು ಊರಿನ ಮೇಲೆ ಜೀವಮಾನವಿಡೀ ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ನಾಚಿಕೆಯಾಯಿತು. ಆಮೇಲೆ, ತೋರಿಸಿ ಎಂದರು. ಅವನು ಮೊಬೈಲಿನಲ್ಲಿ ಯಾರು ಬೇಕಾದರೂ ನೋಡಬಹುದಾದ ನಕ್ಷೆ ತೆರೆದ. ನದಿ, ಸೂರುಗಳು, ಓಣಿಗಳು.

"ಜನಾನೇ ಕಾಣಲ್ವಲ್ಲ?"

"ಮೇಲಿಂದ ನೆರಳು ಮಾತ್ರ ಕಾಣೋದು."

ಒಂದು ಓಣಿಯಲ್ಲಿ ನೆರಳೊಂದು ನೀಳವಾಗಿ ಬಿದ್ದಿತ್ತು, ಯಾರೋ ಮನೆಗೆ ಹೊರಟವರದ್ದು. ಮೇಷ್ಟ್ರು ನೋಡುತ್ತಿದ್ದಂತೆ ಪರದೆ ಕತ್ತಲಾಯಿತು. ಅವರು ಮೆಲ್ಲಗೆ ಬೆರಳಿಟ್ಟು ಊರನ್ನು ಮತ್ತೆ ಬೆಳಗಿಸಿದರು.