ಇಲ್ಲಿ ಡಾಕ್ಟರ್ ಇಲ್ಲ

ಕಾಫಿಗೆ ಇಟ್ಟ ಹಾಲು ಇನ್ನೂ ಉಕ್ಕಿರಲಿಲ್ಲ, ಅಷ್ಟರಲ್ಲೇ ಯಾರೋ ಚಿಲಕ ಬಡಿದರು. ಮೀನಾ ಬಾಗಿಲು ತೆಗೆದು ನೋಡಿದರೆ ಮೆಟ್ಟಿಲ ಮೇಲೆ ಅಗರದ ಮಾದಯ್ಯ ಎಂಬ ಮುದುಕ ಕೂತಿದ್ದ. ಊದಿಕೊಂಡ ಎಡಗಾಲನ್ನು ಮುಂದಕ್ಕೆ ಚಾಚಿ, ತೊಡೆಯ ಮೇಲೆ ಎಕ್ಸ್‌ರೇ ಕವರು ಇಟ್ಟುಕೊಂಡು, ತನ್ನ ಸರದಿಯೇ ಮೊದಲು ಎಂಬ ನಿರಾಳದಲ್ಲಿದ್ದ.

"ಡಾಕ್ಟ್ರು ಎದ್ದವ್ರಾ ಕಣವ್ವ?"

"ಇಲ್ಲಿ ಯಾವ ಡಾಕ್ಟ್ರೂ ಇಲ್ಲ ತಾತ. ತಾಲ್ಲೂಕು ಆಸ್ಪತ್ರೆಗೆ ಹೋಗಿ."

"ಅಂಗಂದ್ರೆ ಎಂಗವ್ವ? ಶುಕ್ರವಾರ ಮಿನಿಸ್ಟ್ರೇ ಕೈಯಾರ ಸರ್ಟಿಫಿಕೇಟು ಕೊಟ್ರು. ನಾನೇ ಕಣ್ಣಾರೆ ನೋಡ್ದೆ."

"ಅದು ಟೀವೀಲಿ ತಾತ!"

"ಟೀವೀಲಲ್ದೆ ಇನ್ನೆಲ್ಲಿ ನೋಡಾನ? ನಮ್ಮುನ್ನೇನು ಫಂಕ್ಷನ್ನಿಗೆ ಕರೆದಿದ್ರಾ?"

ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ ವಾಸನೆ ಬಂತು. ಈ ವಾರಕ್ಕೆ ಇವನು ಹದಿನಾಲ್ಕನೆಯವನು. ಮೀನಾಗೆ ತಲೆ ಚಿಟ್ಟು ಹಿಡಿದುಹೋಯಿತು.

ಅವಳ ಗಂಡ ಗುಣಸೀಲನ್ ಡಾಕ್ಟರಲ್ಲ ಎಂದರೆ ಅದೂ ಸುಳ್ಳೇ. ಸಮುದ್ರದಾಚೆ, ಶ್ರೀಲಂಕಾದ ಉತ್ತರದಲ್ಲಿ ಓದಿ ಡಾಕ್ಟರಾಗಿದ್ದವನು. ಯುದ್ಧದ ಕೊನೆಯ ತಿಂಗಳುಗಳಲ್ಲಿ ಟಾರ್ಪಾಲಿನ ಕೆಳಗೆ ಗಾಯಾಳುಗಳಿಗೆ ಹೊಲಿಗೆ ಹಾಕಿದ್ದವನು. ದೋಣಿಯಲ್ಲಿ ತಾಯಿಯ ಜೊತೆ ಈ ಕಡೆ ಬಂದು, ತಮಿಳುನಾಡಿನ ಕ್ಯಾಂಪಿನಲ್ಲಿ ತಾಯಿಯನ್ನು ಕಳೆದುಕೊಂಡು, ಗುರುತಿನವರೊಬ್ಬರ ಬೆನ್ನು ಹಿಡಿದು ಹನೂರಿನ ಮೆಡಿಕಲ್ ಸ್ಟೋರಿಗೆ ಬಂದು ಸೇರಿದ್ದ. ಮೀನಾಳದು ಹನೂರಿನಾಚೆ, ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ ಆಡುವ ಊರು. ಮದುವೆಯಾಗಿ ಹನ್ನೊಂದು ವರ್ಷ. ಈಗ ಅವಳು ಯಳಂದೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್, ಅವನು ಕೊಳ್ಳೇಗಾಲದ ಔಷಧಿ ಡಿಪೋದಲ್ಲಿ ಸ್ಟಾಕು ನೋಡಿಕೊಳ್ಳುವವನು. ಇಲ್ಲಿ ಡಾಕ್ಟರಾಗಿ ಕೂರಬೇಕಾದರೆ ಪರೀಕ್ಷೆ ಬರೆಯಬೇಕು, ಪರೀಕ್ಷೆಗೆ ಅರ್ಜಿ ಹಾಕಬೇಕಾದರೆ ಓದಿದ ವಿಶ್ವವಿದ್ಯಾಲಯದಿಂದ ದೃಢೀಕರಣ ಪತ್ರ ಬರಬೇಕು. ಆ ಪತ್ರಕ್ಕಾಗಿ ಮೀನಾ ಒಂಬತ್ತು ವರ್ಷದಿಂದ ಬರೆಯುತ್ತಲೇ ಇದ್ದಳು. ಉತ್ತರ ಬಂದಿರಲಿಲ್ಲ.

ಧಾರಾವಾಹಿಯವರು ಅವರ ಮನೆ ಹೊಕ್ಕಿದ್ದು ಹೋದ ವರ್ಷ. ಕೊಳ್ಳೇಗಾಲದ ಮುಚ್ಚಿಹೋದ ರೇಷ್ಮೆ ಗೋದಾಮೊಂದನ್ನು ಆಸ್ಪತ್ರೆ ಮಾಡಿಕೊಂಡು ಶೂಟಿಂಗ್ ನಡೆಸುತ್ತಿದ್ದರು. ಅದರ ಪ್ರೊಡಕ್ಷನ್ ಮ್ಯಾನೇಜರು ಶಾಂತರಾಜು, ಕುಂತೂರಿನವನು, ಖಾಲಿ ಗ್ಲೂಕೋಸ್ ಬಾಟಲಿ ಕೇಳಿಕೊಂಡು ಡಿಪೋಗೆ ಹೋದವನು ಗುಣಸೀಲನ್‌ನ ಕತೆ ಕೇಳಿ ಬೆರಗಾಗಿ ನಿರ್ದೇಶಕನನ್ನೇ ಯಳಂದೂರಿಗೆ ಕರೆತಂದ. ನಿರ್ದೇಶಕ ಎರಡು ಸಂಜೆ ಕೂತು, ಮೀನಾ ಹಾಕಿದ ರಾಗಿಮುದ್ದೆ ಉಂಡು, ಎಲ್ಲವನ್ನೂ ಬರೆದುಕೊಂಡ. ದೋಣಿಯ ವಿಷಯ ಬಂದಾಗ ಕಣ್ಣರಳಿಸಿದ. ಪತ್ರದ ವಿಷಯ ಬಂದಾಗ ಆಕಳಿಸಿದ.

"ಲೆಟರ್ ಬಿಟ್ಟುಬಿಡೋಣ ಡಾಕ್ಟ್ರೇ. ಅದನ್ನ ಜನ ಕೂತು ನೋಡಲ್ಲ."

ತಾಯಿಯನ್ನೂ ಬಿಟ್ಟ. ಅದೇ ಚಾನೆಲ್ಲಿನ ಏಳೂವರೆಯ ಧಾರಾವಾಹಿಯಲ್ಲಿ ಆಗಲೇ ಒಬ್ಬ ತಾಯಿ ಸಾಯುತ್ತಿದ್ದಳಂತೆ. ಅವಳ ಬದಲು ದೋಣಿಯಲ್ಲಿ ಒಬ್ಬ ಹೆಂಡತಿಯನ್ನು ಕೂರಿಸಿ ನೀರಿಗೆ ಬೀಳಿಸಿದ. ಹೀಗೆ 'ಕಡಲಾಚೆಯ ಡಾಕ್ಟರು' ಶುರುವಾಯಿತು. ದಿನವೂ ಮೊದಲಿಗೆ 'ಪ್ರೇರಣೆ: ಡಾ. ಗುಣಸೀಲನ್, ಯಳಂದೂರು' ಎಂದು ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಅದಾದ ಮೇಲೆ 'ಇದು ಕಾಲ್ಪನಿಕ' ಎಂಬ ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತಿತ್ತು.

ನೀರಿಗೆ ಬಿದ್ದ ಹೆಂಡತಿ ಬದುಕಿದ್ದಾಳೆ ಎಂದು ತೋರಿಸಿದ ಮರುದಿನ ಪಕ್ಕದ ಮನೆಯ ಶಿವನಂಜಮ್ಮ ಒಂದು ಬಟ್ಟಲು ಅವರೆಕಾಳು ಸಾರು ಹಿಡಿದುಕೊಂಡು ಬಂದಳು. ಕಣ್ಣು ಒದ್ದೆಯಾಗಿತ್ತು.

"ಮೀನಾ, ಅವಳು ಬಂದ್ಬುಟ್ರೆ ನಿನ್ನ ಗತಿ ಏನವ್ವ?"

"ಯಾರು ಶಿವನಂಜಕ್ಕ?"

"ದೊಡ್ಡವಳು ಕಣವ್ವ, ಆವಯ್ಯನ ಮೊದಲನೇಳು. ಬದುಕವ್ಳಂತಲ್ಲ."

"ಅವರಿಗೆ ನಾನೇ ಮೊದಲನೇಳು, ನಾನೇ ಕೊನೇಳು!"

"ಪಾಪ, ನಿಂಗೆ ಏಳೇ ಇಲ್ವಲ್ಲ ಆವಯ್ಯ," ಎಂದು ಶಿವನಂಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಾರು ಚೆನ್ನಾಗಿತ್ತು. ಮೀನಾ ಹಲ್ಲು ಕಚ್ಚಿಕೊಂಡು ಉಂಡಳು.

ಅದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದಳು. ಆದರೆ ಧಾರಾವಾಹಿಯ ಡಾಕ್ಟರು ಮಂತ್ರಿಯ ಮಗಳನ್ನು ಉಳಿಸಿ, ಮಂತ್ರಿ ಎಲ್ಲರೆದುರು ಅವನ ಕೈಗೆ ಲೈಸೆನ್ಸು ಕೊಟ್ಟ ಮೇಲೆ ಜನ ನೇರವಾಗಿ ಮನೆಗೇ ಬರತೊಡಗಿದರು. ಗುಣಸೀಲನ್ ಯಾರನ್ನೂ ಮುಟ್ಟುತ್ತಿರಲಿಲ್ಲ. ಆದರೆ ಓಡಿಸುವುದೂ ಅವನ ಕೈಲಾಗುತ್ತಿರಲಿಲ್ಲ. ಜಗಲಿಯಲ್ಲಿ ಕೂರಿಸಿ, ಎಲ್ಲ ಕೇಳಿ, ಯಾವ ಆಸ್ಪತ್ರೆಯಲ್ಲಿ ಯಾವ ವಿಭಾಗಕ್ಕೆ ಹೋಗಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಡುತ್ತಿದ್ದ. ಆ ಬೆಳಿಗ್ಗೆ ಮಾದಯ್ಯನಿಗೂ ಅದನ್ನೇ ಮಾಡಿದ.

"ಚೀಟಿ ಬರೀಬೇಡಿ ಅಂತ ಎಷ್ಟು ಸಲ ಹೇಳ್ಲಿ ನಿಮಗೆ?" ಮೀನಾ ಒಲೆ ಒರೆಸುತ್ತ ರೇಗಿದಳು.

"ಮರುಂದು, ಔಷಧಿ ಬರೆದಿಲ್ಲ ಮೀನಾ. ದಾರಿ ಬರೆದಿದ್ದೀನಿ, ಅಷ್ಟೇ."

"ನೋಡೋರಿಗೆ ಎರಡೂ ಒಂದೇ ರೀ!"

ಅವಳು ಹೆದರಿದಂತೆಯೇ ಆಯಿತು. ಆ ವಾರವೇ ಆರೋಗ್ಯ ಇಲಾಖೆಯ ಜೀಪು ಬಂತು. ಲೈಸೆನ್ಸಿಲ್ಲದವನೊಬ್ಬ ಮನೆಯಲ್ಲಿ ಕ್ಲಿನಿಕ್ ನಡೆಸುತ್ತಿದ್ದಾನೆ ಎಂದು ಯಾರೋ ಅರ್ಜಿ ಕೊಟ್ಟಿದ್ದರು. ಇನ್ಸ್‌ಪೆಕ್ಟರ್ ಪ್ರಭುಸ್ವಾಮಿ ಬೀರು ತೆಗೆಸಿದ, ಮಂಚದ ಕೆಳಗೆ ಬಗ್ಗಿ ನೋಡಿದ, ಅಡುಗೆಮನೆಯ ಡಬ್ಬಗಳನ್ನೂ ಬಿಡಲಿಲ್ಲ. ಸಿಕ್ಕಿದ್ದು ಧಾರಾವಾಹಿಯವರು ನೆನಪಿಗೆಂದು ಕೊಟ್ಟಿದ್ದ ಒಂದು ಸ್ಟೆತಸ್ಕೋಪು. ಅದರ ನಳಿಕೆಯೊಳಗೆ ಥರ್ಮಾಕೋಲು ತುಂಬಿತ್ತು. ಪ್ರಭುಸ್ವಾಮಿ ಅದನ್ನು ಕಿವಿಗಿಟ್ಟು ನೋಡಿ ಮೆಲ್ಲಗೆ ಕೆಳಗಿಟ್ಟ.

"ಈ ಸಲ ಬರ್ಕೊಳ್ಳಲ್ಲ. ಬಾಗಿಲಿಗೆ ಬೋರ್ಡು ಹಾಕಿ, ಇಲ್ಲಿ ಡಾಕ್ಟರ್ ಇಲ್ಲ ಅಂತ. ಇನ್ನೊಂದು ಸಲ ಕಂಪ್ಲೇಂಟ್ ಬಂದ್ರೆ ಕೇಸ್ ಆಯ್ತದೆ. ಆಮೇಲೆ ನಿಮ್ಮ ಅರ್ಜಿ ಗಿರ್ಜಿ ಎಲ್ಲ ಮರೆತ್ಬುಡಿ."

ಜೀಪು ಹತ್ತುವಾಗ ಅವನು ತಿರುಗಿ ನೋಡಿ, ತುಸು ನಾಚಿಕೊಂಡು ಕೇಳಿದ: "ನಿಮ್ಮ ಮೊದಲನೇ ಮನೆಯವರು ಸಿಕ್ಕಿದ್ರಾ ಸಾ?"

ಮೀನಾ ಮರುದಿನವೇ ಲ್ಯಾಬಿಗೆ ರಜೆ ಹಾಕಿ ಕೊಳ್ಳೇಗಾಲದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಸಿಕ್ಕಿ ಬಸ್ಸು ತೆವಳುತ್ತಿತ್ತು. ಗೋದಾಮು ತಲುಪುವ ಹೊತ್ತಿಗೆ ಅವಳ ಸಿಟ್ಟು ಹದಕ್ಕೆ ಬಂದಿತ್ತು. ನಿರ್ದೇಶಕ ಶಾಟ್ ಇದೆ ಎಂದು ಒಳಗೆ ಸರಿದುಕೊಂಡ. ಸಿಕ್ಕಿದವನು ಶಾಂತರಾಜು.

"ನಿಮ್ಮ ಡಾಕ್ಟ್ರಿಗೆ ಲೈಸೆನ್ಸ್ ಸಿಗೋಕೆ ಅರ್ಧ ಗಂಟೆ ಸಾಕಾಯ್ತು. ನಮ್ಮವರಿಗೆ ಹದಿನಾರು ವರ್ಷ ಆಯ್ತು. ಎರಡು ದಿನದಲ್ಲಿ ಆಂಬುಲೆನ್ಸ್ ತರ್ತೀರಿ, ಹೆಲಿಕಾಪ್ಟರ್ ತರ್ತೀರಿ. ಅವರ ಕತೆ ತಗೊಂಡ್ರಲ್ಲ, ಒಂದು ಕಾಗದ ತಂದುಕೊಡಿ ನೋಡೋಣ!"

ಸಿಟ್ಟಿಗೆ ಆಡಿದ ಮಾತು. ಆದರೆ ಶಾಂತರಾಜು ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಹಿಂದಿನ ತಿಂಗಳು, ಜನ ಬರತೊಡಗುವ ಮೊದಲೇ, ಅವನ ತಾಯಿ ಮಗನ ಗುರುತಿನ ಮೇಲೆ ಎದೆ ಉರಿ ಎಂದು ಇವರ ಜಗಲಿಗೆ ಬಂದಿದ್ದಾಗ ಗುಣಸೀಲನ್ 'ಹೃದಯದ ವಿಭಾಗ, ಈಗಲೇ' ಎಂದು ಬರೆದು ಆಟೋ ಹತ್ತಿಸಿದ್ದ. ಒಂದು ಗಂಟೆ ತಡವಾಗಿದ್ದರೆ ಮುದುಕಿ ಉಳಿಯುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದ್ದರಂತೆ.

ಹತ್ತು ದಿನ ಬಿಟ್ಟು ಶಾಂತರಾಜು ಒಂದು ಕವರು ಹಿಡಿದು ಯಳಂದೂರಿಗೆ ಬಂದ. ಮೀನಾ ಬಿಚ್ಚಿದಳು. ಕೆನೆಬಣ್ಣದ ದಪ್ಪ ಕಾಗದ, ಮೇಲೆ ವಿಶ್ವವಿದ್ಯಾಲಯದ ಹೆಸರು, ಕೆಳಗೆ ಹೊಳೆಯುವ ಮುದ್ರೆ. ಗುಣಸೀಲನ್ ಎಂಬುವವರು ನಮ್ಮಲ್ಲಿ ವೈದ್ಯಕೀಯ ಪದವಿ ಪಡೆದಿರುತ್ತಾರೆ ಎಂಬ ಒಕ್ಕಣೆ. ಅವಳು ಒಳಗಿನ ಕಡೆ ತಿರುಗಿ ಕೂಗಿದಳು. "ರೀ! ಬನ್ರೀ ಇಲ್ಲಿ! ಬಂತು!"

ಗುಣಸೀಲನ್ ಸ್ನಾನದ ಟವೆಲ್ಲಿನಲ್ಲೇ ಓಡಿಬಂದ.

ಶಾಂತರಾಜು ಹೆಮ್ಮೆಯಿಂದ ಹೇಳಿದ: "ನಮ್ಮ ಆರ್ಟ್ ಡಿಪಾರ್ಟ್‌ಮೆಂಟಿನ ರೋಜಾ ಮೂರು ದಿನ ಕೂತು ಮಾಡವ್ಳೆ ಸಾ. ಸ್ಕ್ಯಾನ್ ಮಾಡುದ್ರೂ ಗೊತ್ತಾಗಾಕಿಲ್ಲ."

ಮೀನಾಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಗುಣಸೀಲನ್ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ. ನಿಜವಾದದ್ದು ಇಷ್ಟು ಚೆನ್ನಾಗಿರೋದಿಲ್ಲ," ಎಂದ. ಅವನ ದನಿ ಏರಲಿಲ್ಲ. "ಆದರೆ ತಂಬಿ, ಇದನ್ನ ಕೊಟ್ಟರೆ ನಾನು ಹದಿನಾರು ವರ್ಷ ಸುಳ್ಳು ಹೇಳಿಕೊಂಡು ಬಂದೆ ಅಂತ ಆಗುತ್ತೆ."

ಅವನು ಅದನ್ನು ಮೇಜಿನ ಮೇಲಿಟ್ಟು ಒಳಗೆ ಹೋದ. ಶಾಂತರಾಜು ಮುಖ ಸಣ್ಣ ಮಾಡಿಕೊಂಡು ಹೊರಟ. ಮೀನಾ ಕಾಗದವನ್ನು ಹರಿಯಲಿಲ್ಲ. ಸೀರೆಗಳ ಕೆಳಗೆ ಇಟ್ಟಳು.

ಎರಡು ದಿನ ಅದು ಅವಳ ತಲೆಯೊಳಗೇ ಕೂತಿತ್ತು. ಇವರಿಗೇನು, ಸತ್ಯವಂತರು, ಎಂದು ಗೊಣಗಿಕೊಂಡಳು. ಓದಿದ್ದು ನಿಜ, ಹೊಲಿಗೆ ಹಾಕಿದ್ದು ನಿಜ, ಕಾಗದ ಒಂದು ಸುಳ್ಳಾದರೆ ಯಾರ ಗಂಟು ಹೋಯಿತು? ಮೂರನೆಯ ದಿನ ಹಳೆಯ ಫೈಲನ್ನೂ ಆ ಕಾಗದವನ್ನೂ ಚೀಲಕ್ಕೆ ಹಾಕಿಕೊಂಡು ತಾಲ್ಲೂಕು ಕಚೇರಿ ಪಕ್ಕದ ಸೈಬರ್ ಸೆಂಟರಿಗೆ ಹೋದಳು. ಅದನ್ನು ನಡೆಸುವ ಚೌಡೇಶ ಅವಳ ಪ್ರತಿ ವರ್ಷದ ಅರ್ಜಿಯನ್ನೂ ಕಂಡವನು.

"ಅಂತೂ ಬಂತಾ ಅಕ್ಕ!" ಎಂದು ಅವನು ಸ್ಕ್ಯಾನರಿನ ಮುಚ್ಚಳ ಎತ್ತಿದ. ಆಮೇಲೆ ಪರದೆಯ ಮೇಲಿನ ಪರೀಕ್ಷೆಯ ಅರ್ಜಿ ನೋಡಿ, "ಇಲ್ಲೊಂದು ಟಿಕ್ ಹಾಕ್ಬೇಕು. ಒರಿಜಿನಲ್ ಅಂತ. ಹಾಕ್ಲಾ?" ಎಂದು ಕೇಳಿದ.

ಮೀನಾ ಪರದೆಯ ಮೇಲಿನ ಆ ಖಾಲಿ ಚೌಕ ನೋಡಿದಳು. ಎರಡು ವರ್ಷದ ಹಿಂದೆ ಇನ್ಶೂರೆನ್ಸ್ ಏಜೆಂಟನೊಬ್ಬ ಲ್ಯಾಬಿಗೆ ಬಂದು, ಒಬ್ಬರ ಶುಗರ್ ರಿಪೋರ್ಟಿನಲ್ಲಿ ಒಂದು ಅಂಕಿ ಬದಲಿಸಿ ಎಂದಿದ್ದ. ಅವನನ್ನು ಮೆಟ್ಟಿಲವರೆಗೂ ಬೈದು ಅಟ್ಟಿದ್ದಳು. ಈಗ ತನ್ನನ್ನು ಯಾರು ಅಟ್ಟಬೇಕು?

"ಬೇಡ ಚೌಡೇಶ. ತೆಗಿ. ಕೊಡು ಇಲ್ಲಿ."

ಚೌಡೇಶ ಎಲ್ಲವನ್ನೂ ಜೋಡಿಸಿ ಕೊಡುತ್ತ ಫೈಲಿನ ಹಾಳೆಯ ಮೇಲೆ ಕಣ್ಣಾಡಿಸಿದ. "ಅಕ್ಕ, ಈ ಲೆಟರ್‌ನಲ್ಲಿರೋ ಈಮೇಲು, ಫೋನ್ ನಂಬರು ಬ್ಯಾರೆ ಅವೆ. ನಾವು ವರ್ಸ ವರ್ಸ ಕಳಿಸಿದ್ದು ಬ್ಯಾರೇದಕ್ಕಲ್ವಾ?"

ಅವಳು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ನಿಜ. ಫೈಲಿನಲ್ಲಿದ್ದದ್ದು ಮೊದಲ ವರ್ಷ ಯಾವುದೋ ಏಜೆನ್ಸಿಯವನು ಬರೆದುಕೊಟ್ಟ ವಿಳಾಸ. ಒಂಬತ್ತು ವರ್ಷವೂ ಅದನ್ನೇ ನೋಡಿ ಬರೆದಿದ್ದಳು. ಅಲ್ಲೇ ನಿಂತು ಶಾಂತರಾಜುವಿಗೆ ಫೋನ್ ಹಚ್ಚಿದಳು.

"ಆ ಅಡ್ರೆಸ್ ಎಲ್ಲಿ ಸಿಕ್ತು ನಿಮಗೆ?"

"ರೋಜಾ ಅಲ್ಲಿಗೇ ಫೋನ್ ಮಾಡಿ ಕೇಳುದ್ಲು ಮೇಡಂ. ತಪ್ಪಾದ್ರೆ ಡೈರೆಕ್ಟ್ರು ಬಯ್ತಾರೆ ಅಂತ. ಹತ್ತು ನಿಮ್ಸದ ಕೆಲ್ಸ."

ಹತ್ತು ನಿಮಿಷ! ಮೀನಾಗೆ ಅಳಬೇಕೋ ಕೂಗಬೇಕೋ ತಿಳಿಯಲಿಲ್ಲ. ಮನೆಗೆ ಬಂದವಳೇ ಎರಡು ಕಾಗದವನ್ನೂ ಗಂಡನ ಮುಂದೆ ಬಡಿದಿಟ್ಟಳು.

"ನಂದು ತಪ್ಪು, ಒಪ್ಕೋತೀನಿ. ನೀವು? ನೀವು ಓದಿದ ಜಾಗ, ನಿಮ್ಮ ಭಾಷೆ. ಹದಿನಾರು ವರ್ಷದಲ್ಲಿ ಒಂದು ದಿನ ಫೋನ್ ಮಾಡಿ ಕೇಳೋಕೆ ಆಗ್ಲಿಲ್ವಾ ನಿಮಗೆ?"

ಗುಣಸೀಲನ್ ಎರಡು ಕಾಗದವನ್ನೂ ಒಂದರ ಮೇಲೊಂದು ಜೋಡಿಸಿಟ್ಟ.

"ಎಷ್ಟೋ ಕಚೇರಿ ಸುಟ್ಟುಹೋಯ್ತು ಮೀನಾ. ಅಂಥ ಹೆಸರೇ ಇಲ್ಲ ಅಂದುಬಿಟ್ಟರೆ? ಉತ್ತರ ಬರದೆ ಇದ್ದರೆ ಕಾಯಬಹುದು. ಇಲ್ಲ ಅಂದರೆ ಆಮೇಲೆ ನಾನು ಯಾರು?"

ಮೀನಾ ಹನ್ನೊಂದು ವರ್ಷ ಇದನ್ನು ಅವನ ಸೋಮಾರಿತನ ಎಂದುಕೊಂಡಿದ್ದಳು. ಪಕ್ಕದಲ್ಲಿ ಕೂತು, ತಾನೇ ನಂಬರು ಒತ್ತಿ, ಫೋನನ್ನು ಅವನ ಕೈಗಿಟ್ಟಳು.

ಅತ್ತ ಒಬ್ಬ ಹೆಂಗಸು ಎತ್ತಿಕೊಂಡಳು. ಅವನು ತಮಿಳಿನಲ್ಲಿ ಹೆಸರು, ಸೇರಿದ ವರ್ಷ, ಪಾಸಾದ ವರ್ಷ ಹೇಳಿದ. ತಡೆಯಿರಿ ಎಂದು ಅವಳು ಹೋದಳು. ಹಾಳೆ ಮಗುಚುವ ಸದ್ದು, ಎಲ್ಲೋ ಫ್ಯಾನಿನ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು. ಆಮೇಲೆ ಅವಳು ಬಂದು, ತರಕಾರಿ ರೇಟು ಹೇಳುವಷ್ಟೇ ಸಲೀಸಾಗಿ ಅವನ ರಿಜಿಸ್ಟರ್ ನಂಬರು ಓದಿದಳು. "ಇರುಕ್ಕು. ಹೆಸರು ಇದೆ. ಅರ್ಜಿ ಕಳಿಸಿ, ಎರಡು ಫೋಟೋ ಇಡಿ," ಎಂದು ಫೋನಿಟ್ಟಳು.

ಗುಣಸೀಲನ್ ಆ ನಂಬರನ್ನು ಮತ್ತೆ ಮತ್ತೆ ಹೇಳಿಕೊಂಡ. ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ ಮುಖ ತೊಳೆಯತೊಡಗಿದ. ತೊಳೆಯುತ್ತಲೇ ಇದ್ದ.

ಈ ನಡುವೆ ಧಾರಾವಾಹಿಯ ಡಾಕ್ಟರಿಗೆ ತಲೆಗೆ ಪೆಟ್ಟು ಬಿದ್ದು ನೆನಪೇ ಹೋಯಿತು. ಜನ ಬರುವುದು ತಟ್ಟನೆ ನಿಂತಿತು. ಮೀನಾ ಅಕ್ಕಿ ಆರಿಸುತ್ತಿದ್ದಾಗ ಶಿವನಂಜಮ್ಮ ಬೀದಿಯಲ್ಲಿ ಯಾರಿಗೋ ಹೇಳುತ್ತಿದ್ದಳು: "ಅವರತ್ರ ಓಗಿ ಏನ್ ಮಾಡ್ತೀರಿ? ಪಾಪ, ಆವಯ್ಯನಿಗೇ ಈಗ ಯಾವ್ದೂ ಗ್ಯಾನ ಇಲ್ವಂತೆ."

ಪತ್ರ ಬಂದದ್ದು ಏಳು ವಾರಕ್ಕೆ. ತೆಳ್ಳಗಿನ ಕಾಗದ, ವಾರೆಯಾಗಿ ಒತ್ತಿದ ಮಸುಕು ಮುದ್ರೆ. ಮೀನಾ ಎರಡೆರಡು ಸಲ ಓದಿ ಕಿರುಚಿದಳು.

"ರೀ, ನಿಮ್ಮ ಹೆಸರು ತಪ್ಪು ಹೊಡೆದವ್ರೆ! ಗುಣಸಿಲನ್ ಅಂತ ಹಾಕವ್ರೆ! ಇದನ್ನ ಕೊಟ್ರೆ ಇಲ್ಲಿ ವಾಪಸ್ ಎಸೀತಾರೆ!"

ಗುಣಸೀಲನ್ ಪತ್ರ ತೆಗೆದುಕೊಂಡು ಓದಿದ. ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆಂದು ಅವಳು ಗಾಬರಿಯಾದಳು. ನೋಡಿದರೆ ನಗುತ್ತಿದ್ದ, ಕಣ್ಣಲ್ಲಿ ನೀರು ಬರುವ ಹಾಗೆ.

"ನಗ್ತೀರಾ? ನಗಿ, ನಗಿ. ಬಡ್ಕೊಳ್ಳೋಳು ನಾನಿದ್ದೀನಲ್ಲ," ಎಂದು ಮೀನಾ ಫೋನಿಗೆ ಕೈ ಹಾಕಿದಳು.

"ಕೊಡು," ಎಂದ ಅವನು. "ನಾನೇ ಮಾತಾಡ್ತೀನಿ."